ನಾನು ನೆಟ್ಟ ಬನ್ನಿ

ನನ್ನ ಫೋನಿಗೆ ದಿನಕ್ಕೆ ಎರಡಾದರೂ ಎಲೆಯ ಫೋಟೋ ಬರುತ್ತವೆ. ಕೂಡ್ಲಿಗಿಯ ಗುಡ್ಡ ಹತ್ತಿದವರು, ಹಡಗಲಿಯಲ್ಲಿ ಹೊಲದ ಬದು ಹಸನು ಮಾಡುವವರು, ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ಜೊತೆ ಕೆಲಸ ಮಾಡಿದ ಟೀಚರುಗಳು, ಎಲ್ಲರೂ ಒಂದು ಎಲೆ ಕಿತ್ತು ಅಂಗೈ ಮೇಲಿಟ್ಟು ಫೋಟೋ ಹೊಡೆದು ‘ಇದು ಯಾವ ಗಿಡ ಹೇಳ್ರಿ ಅಕ್ಕೋರೆ’ ಎಂದು ಕಳಿಸುತ್ತಾರೆ. ನಾನು ಪ್ರಾಥಮಿಕ ಶಾಲೆಯ ಟೀಚರು. ನಮ್ಮ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತಾರೆ, ಮರಕ್ಕೂ ಗಿಡ ಅಂತಲೇ ಅನ್ನುತ್ತಾರೆ. ಹೀಗಾಗಿ ನನಗೆ ಗಿಡದ ಅಕ್ಕೋರು ಎಂಬ ಹೆಸರು ಬಿದ್ದು ಬಹಳ ವರ್ಷವಾಯಿತು. ನಾನು ಸುಮ್ಮನೆ ಉತ್ತರ ಕೊಡುವವಳಲ್ಲ. ಬರೀ ಎಲೆ ಕಳಿಸಿದರೆ ಬೈಯುತ್ತೇನೆ. ತೊಗಟೆ ಎಲ್ಲಿ, ಕಾಯಿ ಎಲ್ಲಿ, ಮುಳ್ಳಿದ್ದರೆ ಅದು ಕೊಂಬೆಯ ಯಾವ ಜಾಗದಲ್ಲಿ ಹುಟ್ಟಿದೆ, ಎಲ್ಲವೂ ಕಾಣಬೇಕು, ಇಲ್ಲದಿದ್ದರೆ ನನ್ನನ್ನು ಕೇಳಬೇಡಿ ಎಂದು ಗದರುತ್ತೇನೆ. ಪಾಪ, ಅವರು ಮತ್ತೆ ಬಿಸಿಲಲ್ಲಿ ಹೋಗಿ ತೊಗಟೆಯ ಫೋಟೋ ತರುತ್ತಾರೆ.

ಮುಳ್ಳು ಎಲ್ಲಿ ಹುಟ್ಟಿದೆ ಎಂದು ಬರೆಯುವಾಗ ಮಾತ್ರ ಪ್ರತಿ ಸಲ ನನ್ನ ಬೆರಳು ಒಂದು ಗಳಿಗೆ ನಿಲ್ಲುತ್ತದೆ. ಏಕೆಂದರೆ ಕೊಟ್ಟೂರು ತಾಲೂಕಿನ ನನ್ನ ತವರೂರಿನಲ್ಲಿ, ಉಜ್ಜಿನಿ ಕಡೆಗೆ ಹೋಗುವ ದಾರಿಯ ಪಕ್ಕದ ಕಟ್ಟೆಯ ಮೇಲೆ, ನಾನೇ ಕೈಯಾರೆ ನೆಟ್ಟ ಒಂದು ಗಿಡವಿದೆ. ಊರೆಲ್ಲ ಅದನ್ನು ಬನ್ನಿ ಎಂದು ಪೂಜಿಸುತ್ತದೆ. ಅದು ಬನ್ನಿಯಲ್ಲ, ಬಳ್ಳಾರಿ ಜಾಲಿ. ಹೊಲಕ್ಕೆ ನುಗ್ಗಿತೆಂದು ಜನ ಜೆಸಿಬಿ ತರಿಸಿ ಕೀಳಿಸುವ, ಕಡಿದಷ್ಟೂ ಚಿಗುರುವ, ಒಲೆಗೆ ಮತ್ತು ಬೇಲಿಗೆ ಬಿಟ್ಟರೆ ಯಾರಿಗೂ ಬೇಡವಾದ ಜಾಲಿ.

ಇದನ್ನು ಬರೆಯಲು ನನಗೆ ಒಂಬತ್ತು ವರ್ಷ ಬೇಕಾಯಿತು. ಈಗ ಬರೆದು ಉಪಯೋಗವಿಲ್ಲ ಎಂದು ಗೊತ್ತಾದ ಮೇಲೆ ಬರೆಯುತ್ತಿದ್ದೇನೆ.

ಗಿಡ ಗುರುತು ಹಿಡಿಯುವುದನ್ನು ನನಗೆ ಕಲಿಸಿದ್ದು ಕಾಲೇಜಲ್ಲ, ಅಪ್ಪ. ಅಪ್ಪ ಬಡಿಗ. ಸುತ್ತಲಿನ ಊರುಗಳಿಗೆ ಕೂರಿಗೆ, ಕುಂಟೆ, ಬಂಡಿಯ ಗಾಲಿ, ಬಾಗಿಲು ಮಾಡಿಕೊಡುತ್ತಿದ್ದ. ಕಟ್ಟಿಗೆ ನೋಡಲು ಕೂಡ್ಲಿಗಿ ಕಡೆಯ ಕುರುಚಲು ಕಾಡಿನ ಅಂಚಿಗೆ ಹೋಗುವಾಗ ನನ್ನನ್ನೂ ಸೈಕಲ್ಲಿನ ಮುಂದೆ ಕೂರಿಸಿಕೊಳ್ಳುತ್ತಿದ್ದ. ಅದೂ ಬೇಸಿಗೆಯಲ್ಲಿ. ಎಲೆ ಇದ್ದಾಗ ಹೆಸರು ಹೇಳುವುದರಲ್ಲಿ ಏನು ದೊಡ್ಡಸ್ತಿಕೆ ಎನ್ನುವುದು ಅವನ ವಾದ. ಎಲ್ಲ ಉದುರಿ ಬೋಳಾಗಿ ನಿಂತ ಗಿಡದ ಮುಂದೆ ನನ್ನನ್ನು ನಿಲ್ಲಿಸಿ, “ಕಣ್ಣು ಮುಚ್ಚು, ಕೈ ಇಡು, ಹೇಳು” ಅನ್ನುತ್ತಿದ್ದ. ನುಣ್ಣಗೆ ಇದ್ದು ಅಲ್ಲಲ್ಲಿ ಚಕ್ಕೆ ಎದ್ದು ಕುಳಿ ಬಿದ್ದಿದ್ದರೆ ದಿಂಡಿಗ. ಉಗುರಿನಿಂದ ಗೀರಿದಾಗ ಕೆಂಪು ರಸ ಜಿನುಗಿದರೆ ಮುತ್ತುಗ. ಬುಡದಲ್ಲಿ ಬಿದ್ದ ಒಣ ಎಲೆ ದನದ ಗೊರಸಿನ ಹಾಗೆ ಎರಡು ಹೋಳಾಗಿದ್ದರೆ ಕಮರ. ಹಪ್ಪಳದಂತಹ ತೆಳುವಾದ ಕಾಯಿ ಸಿಕ್ಕಿದರೆ ತಪಸಿ. ತುಗ್ಗಲಿಯನ್ನು ಮಾತ್ರ ನಾನು ಮೊದಲಿನಿಂದಲೂ ಬಲ್ಲೆ. ಅದರ ಎಲೆಯ ಪುಡಿಯನ್ನು ಅವ್ವ ನನ್ನ ತಲೆಗೆ ತಿಕ್ಕುತ್ತಿದ್ದಳು, ಅದು ಕಣ್ಣಿಗೆ ಹೋಗಿ ನಾನು ಊರು ಕೇಳುವ ಹಾಗೆ ಕಿರುಚುತ್ತಿದ್ದೆ.

ನಾನು ತಪ್ಪು ಹೇಳಿದರೆ ಅಪ್ಪ ಬೈಯುತ್ತಿರಲಿಲ್ಲ. ನನ್ನ ಕೈ ಹಿಡಿದು ಅದೇ ತೊಗಟೆಯ ಮೇಲೆ ಇನ್ನೊಮ್ಮೆ ಸವರಿಸುತ್ತಿದ್ದ. “ಅವಸರ ಮಾಡಬ್ಯಾಡ. ಗಿಡ ಎಲ್ಲಿಗೂ ಓಡಿ ಹೋಗಂಗಿಲ್ಲ” ಎನ್ನುತ್ತಿದ್ದ. ಅಷ್ಟೇ ಅವನ ಪಾಠ. ನಾನು ಮುಂದೆ ಬಿಎಸ್ಸಿ ಓದಿ, ಸಸ್ಯಶಾಸ್ತ್ರದಲ್ಲಿ ಒಳ್ಳೆಯ ಮಾರ್ಕು ತೆಗೆದು, ಅವೇ ಗಿಡಗಳಿಗೆ ಲ್ಯಾಟಿನ್ ಹೆಸರು ಕಲಿತು ಬಂದಾಗ ಅವನಿಗೆ ಹಿಗ್ಗೋ ಹಿಗ್ಗು. ಮನೆಗೆ ಬಂದವರ ಮುಂದೆಲ್ಲ ನನ್ನಿಂದ ಆ ಹೆಸರು ಹೇಳಿಸುತ್ತಿದ್ದ.

ಆಮೇಲೆ ಅಪ್ಪನ ಕಣ್ಣು ಹೋದವು. ಒಮ್ಮೆಗೇ ಹೋಗಲಿಲ್ಲ, ಅಂಚಿನಿಂದ ಕತ್ತಲಾಗುತ್ತ ಬಂತು. ದಾವಣಗೆರೆಯ ಡಾಕ್ಟರು ಕಣ್ಣಿನ ನರ ಒಣಗಿದೆ, ಇನ್ನು ಆಪರೇಷನ್ ಮಾಡಿಯೂ ಫಲವಿಲ್ಲ ಎಂದರು. ಬಾಚಿ, ಉಳಿ, ಗರಗಸ ಎಲ್ಲ ಅಟ್ಟ ಸೇರಿದವು. ತಮ್ಮ ಅಲ್ಯೂಮಿನಿಯಂ ಕಿಟಕಿಯ ಅಂಗಡಿ ಹಾಕಿದ. ಆದರೂ ಅಪ್ಪನ ಕೈಗೆ ಬೆಲೆ ಹೋಗಿರಲಿಲ್ಲ. ಮನೆ ಕಟ್ಟಿಸುವವರು, ಸಾಮಿಲ್ಲಿನಿಂದ ಕಟ್ಟಿಗೆ ಕೊಳ್ಳುವವರು ಒಂದು ತುಂಡು ತಂದು ಜಗಲಿಯ ಮೇಲೆ ಕೂತ ಅವನ ಕೈಗೆ ಕೊಡುತ್ತಿದ್ದರು. ಅವನು ಸವರಿ, ಮೂಸಿ, ನಾಲಿಗೆಗೆ ತಾಗಿಸಿ, ಇದು ತೇಗ ಅಲ್ಲ, ನಿನಗೆ ಟೋಪಿ ಹಾಕ್ಯಾನ, ಹೋಗಿ ವಾಪಸ್ ಕೊಡು ಎನ್ನುತ್ತಿದ್ದ. ದಿನಕ್ಕೆ ಒಬ್ಬರಾದರೂ ಬರುತ್ತಿದ್ದರು. ಅವನು ಬದುಕಿದ್ದದ್ದು ಅದರ ಮೇಲೆ ಎಂದು ನನಗೆ ಈಗ ಅನ್ನಿಸುತ್ತದೆ.

ಒಂಬತ್ತು ವರ್ಷದ ಹಿಂದೆ ಮುಂಗಾರಿನ ಮೊದಲ ಗಾಳಿಗೆ ಊರ ಹೊರಗಿನ ಹಳೇ ಬನ್ನಿ ಬುಡಸಮೇತ ಉರುಳಿತು. ಒಳಗೆ ಪೂರ್ತಿ ಟೊಳ್ಳಾಗಿತ್ತು. ದಸರೆಗೆ ಊರಿನವರೆಲ್ಲ ಹೋಗಿ ಪೂಜೆ ಮಾಡಿ, ಎಲೆ ತಂದು, ಬನ್ನಿ ತಗೊಂಡು ಬಂಗಾರದಂಗ ಇರೋಣ ಎಂದು ಒಬ್ಬರಿಗೊಬ್ಬರು ಕೊಟ್ಟುಕೊಂಡು, ಹಿರಿಯರ ಕಾಲು ಮುಟ್ಟುವುದು ಅದರ ಎಲೆಯಿಂದಲೇ. ವರ್ಷವೆಲ್ಲ ಮಾತು ಬಿಟ್ಟವರು ಕೂಡ ಆ ಸಂಜೆ ಎಲೆ ಕೊಟ್ಟು ಮಾತಾಡಲೇಬೇಕು. ಊರಿನ ಹಿರಿಯರು ಅಪ್ಪನ ಹತ್ತಿರ ಬಂದು ಕೂತರು. ಹೊಸ ಸಸಿ ಹಚ್ಚಬೇಕು, ಆದರೆ ಎಲ್ಲಿಂದಲೋ ತಂದದ್ದು ಬೇಡ, ಬಿದ್ದ ತಾಯಿಗಿಡದ ಬುಡದಲ್ಲಿ ಹುಟ್ಟಿದ ಮರಿಯೇ ಆಗಬೇಕು, ಆರಿಸಿಕೊಡು ಎಂದರು. ಅಪ್ಪ, “ನನ್ನ ಕಣ್ಣು ಹೋಗ್ಯಾವ, ಆದ್ರ ನನ್ನ ಮಗಳು ಅದಾಳ. ಆಕಿ ಆರಿಸ್ತಾಳ” ಎಂದ. ಹಿರಿಯರು ನನ್ನ ಕಡೆ ನೋಡಿದರು. ನಾನು ಆಗ ರಜೆಗೆ ಹರಪನಹಳ್ಳಿಯ ಗಂಡನ ಮನೆಯಿಂದ ಬಂದಿದ್ದೆ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಚಹಾ ಕೊಡುವುದನ್ನೇ ಮರೆತೆ.

ಹತ್ತು ದಿನ ಬಿಟ್ಟು ಮಳೆ ಬಿದ್ದ ಮೇಲೆ ಹೋಗಿ ನೋಡಿದೆ. ಬಿದ್ದ ಬನ್ನಿಯ ಬುಡದಲ್ಲಿ ಹತ್ತಿಪ್ಪತ್ತು ಸಸಿ ಎದ್ದಿದ್ದವು. ಇನ್ನೂ ಗೇಣುದ್ದ, ಎಳೆಯವು. ಎಳೆತನದಲ್ಲಿ ಬನ್ನಿಗೂ ಜಾಲಿಗೂ ಹೆಚ್ಚು ವ್ಯತ್ಯಾಸವಿಲ್ಲ, ಎರಡಕ್ಕೂ ಅದೇ ಗರಿಯಂತಹ ಸಣ್ಣ ಎಲೆ. ಆದರೆ ನನಗೆ ಸಂಶಯವೇ ಬರಲಿಲ್ಲ. ಬನ್ನಿಯ ಬುಡದಲ್ಲಿ ಬನ್ನಿ ಅಲ್ಲದೆ ಮತ್ತೇನು ಹುಟ್ಟುತ್ತದೆ? ಆ ಬನ್ನಿಯ ನೆರಳಿನಲ್ಲಿ ಐವತ್ತು ವರ್ಷದಿಂದ ಮಧ್ಯಾಹ್ನ ಕುರಿ ತರುಬಿ ನಿಲ್ಲಿಸುತ್ತಿದ್ದರು, ಆ ಕುರಿಗಳು ಹೊಲದ ಬದುವಿನಲ್ಲಿ ಜಾಲಿಕಾಯಿ ತಿಂದು ಬಂದು ಅಲ್ಲಿ ಹಿಕ್ಕೆ ಹಾಕುತ್ತಿದ್ದವು, ಜಾಲಿಬೀಜ ಕುರಿಯ ಹೊಟ್ಟೆಯಲ್ಲಿ ಕರಗದೆ ಹೊರಬಂದು ಚೆನ್ನಾಗಿ ಮೊಳೆಯುತ್ತದೆ. ಇದೆಲ್ಲ ನಾನೇ ಏಳನೇ ತರಗತಿಗೆ ಪಾಠ ಮಾಡುವ ವಿಷಯ. ಬೀಜ ಪ್ರಸಾರ ಎಂದು ಬೋರ್ಡಿನ ಮೇಲೆ ಬರೆದು ಕುರಿಯ ಚಿತ್ರ ಕೂಡ ಬಿಡಿಸುತ್ತೇನೆ.

ಇರುವುದರಲ್ಲಿ ದಷ್ಟಪುಷ್ಟವಾದ ಸಸಿ ಆರಿಸಿದೆ. ಪಕ್ಕದಲ್ಲಿ ಒಂದು ಬಡಕಲು ಸಸಿ ಇತ್ತು, ಎಲೆ ಸ್ವಲ್ಪ ಬೂದಿ ಬಣ್ಣ. ಇದು ಬದುಕುವುದಿಲ್ಲ ಎಂದು ಅದನ್ನು ಬಿಟ್ಟೆ. ಈಗ ಕನಸಿನಲ್ಲಿ ಬರುವುದು ಆ ಬಡಕಲು ಸಸಿಯೇ.

ಮನೆಗೆ ತಂದಾಗ ಅಪ್ಪ ಜಗಲಿಯ ಮೇಲೆ ಕೂತಿದ್ದ. ಸಸಿಯ ಹಸಿ ಮಣ್ಣಿನ ವಾಸನೆ ಹಿಡಿದು ಕೈ ಚಾಚಿದ.

“ತಾ ಯವ್ವಾ, ಒಂದೀಟು ಮುಟ್ಟಿ ನೋಡ್ತೀನಿ.”

ಹೊರಗೆ ಹಿರಿಯರು ಟ್ರ್ಯಾಕ್ಟರ್ ತಂದು ಕಾಯುತ್ತಿದ್ದರು. ಹೊತ್ತಾಗುತ್ತದೆ, ಮುಹೂರ್ತ ಮೀರುತ್ತದೆ ಎಂದು ಪೂಜೆಗೆ ಬಂದ ಐನೋರು ಅವಸರ ಮಾಡುತ್ತಿದ್ದರು. ನಾನು, “ಅಪ್ಪಾ, ಬಿಎಸ್ಸಿ ಓದೀನಿ ನಾನು. ಬನ್ನಿ ಗೊತ್ತಾಗಂಗಿಲ್ಲೇನು ನನಗ?” ಎಂದೆ. ಎಲ್ಲರೂ ನಕ್ಕರು. ಅಪ್ಪನೂ ನಕ್ಕು ಕೈ ಹಿಂದಕ್ಕೆ ತೆಗೆದುಕೊಂಡ. ಸಸಿಯನ್ನು ಅವನ ಕೈಗೆ ಕೊಡಲು ಎಷ್ಟು ಹೊತ್ತು ಬೇಕಾಗುತ್ತಿತ್ತು? ಒಂದು ನಿಮಿಷ.

ಕುಂಕುಮ ಹಚ್ಚಿ, ಕಾಯಿ ಒಡೆದು, ಕಟ್ಟೆಯ ಮೇಲೆ ನನ್ನ ಕೈಯಿಂದಲೇ ಸಸಿ ನೆಡಿಸಿದರು. ಸುತ್ತ ಮುಳ್ಳಿನ ಬೇಲಿ ಹಾಕಿದರು. ಬೇಲಿಯ ಮುಳ್ಳು ಯಾವುದು ಅಂತೀರಿ? ಬಳ್ಳಾರಿ ಜಾಲಿ. ಜಾಲಿಯನ್ನು ಕುರಿ ಮೇಯಬಾರದೆಂದು ಜಾಲಿಯದೇ ಬೇಲಿ ಕಟ್ಟಿ, ಬೇಸಿಗೆಯಲ್ಲಿ ಸರದಿಯ ಮೇಲೆ ಕೊಡದಲ್ಲಿ ನೀರು ಹೊತ್ತು ಹಾಕಿದ ಊರು ಭೂಮಿಯ ಮೇಲೆ ನಮ್ಮದೊಂದೇ ಇರಬೇಕು.

ಅದು ಬೆಳೆದ ವೇಗಕ್ಕೆ ಊರೇ ಬೆರಗಾಯಿತು. ಬನ್ನಿ ನಿಧಾನದ ಗಿಡ, ಆಳುದ್ದವಾಗಲು ವರ್ಷಗಟ್ಟಲೆ ಬೇಕು. ಇದು ಎರಡನೇ ವರ್ಷಕ್ಕೇ ನನ್ನ ತಲೆ ಮೀರಿತ್ತು. ಅಕ್ಕೋರ ಕೈಗುಣ ಎಂದು ಹೊಗಳಿದರು. ಆ ಬೇಸಿಗೆ ರಜೆಯಲ್ಲಿ ನಾನೂ ಹೆಮ್ಮೆಯಿಂದ ನೋಡಲು ಹೋದೆ. ಬೇಲಿಯೊಳಗೆ ಬಗ್ಗಿ ಕೊಂಬೆ ಹಿಡಿದೆ. ಅಂಗೈಗೆ ಮುಳ್ಳು ಚುಚ್ಚಿತು.

ಬನ್ನಿಯ ಮುಳ್ಳು ಗಿಡ್ಡ, ಬುಡ ದಪ್ಪ, ಎರಡು ಎಲೆಗಳ ನಡುವಿನ ಖಾಲಿ ಜಾಗದಲ್ಲಿ ಅಡ್ಡಾದಿಡ್ಡಿ ಹುಟ್ಟುತ್ತದೆ. ಜಾಲಿಯ ಮುಳ್ಳು ಉದ್ದ, ಎಲೆಯ ಬುಡದಲ್ಲೇ ಜೋಡಿಜೋಡಿಯಾಗಿ ಬರುತ್ತದೆ. ನನ್ನ ಅಂಗೈಯಲ್ಲಿ ಅಕ್ಕಪಕ್ಕ ಎರಡು ರಕ್ತದ ಚುಕ್ಕೆ ಇದ್ದವು. ಕೊಂಬೆಯನ್ನು ತುದಿಯಿಂದ ಬುಡದವರೆಗೆ ನೋಡಿದೆ. ಒಂದಾದರೂ ಮುಳ್ಳು ನಡುವೆ ಇರಬಾರದೇ ಎಂದು ಹುಡುಕಿದೆ. ಇರಲಿಲ್ಲ. ಬಿಸಿಲಿನಲ್ಲಿ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ.

ಹೇಳಿಬಿಡಬೇಕು ಎಂದುಕೊಂಡೇ ಮನೆಗೆ ನಡೆದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಆದರೆ ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಕೇಳಿದ.

“ನೋಡಿ ಬಂದೇನು? ಮುಳ್ಳು ಬಂದಾವೇನು?”

“ಬಂದಾವ ಅಪ್ಪಾ.”

“ಎಲ್ಲಿ ಬಂದಾವ? ಎಲಿ ಬುಡದಾಗೋ, ನಡುವೋ?”

ಇಷ್ಟು ವರ್ಷ ಬಡಿಗತನ ಮಾಡಿದವನು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದ. ಗಿಡ ಬೇಗ ಬೆಳೆಯುತ್ತಿದೆ ಎಂದು ಜನ ಹೇಳಿದ್ದು ಅವನ ಕಿವಿಗೂ ಬಿದ್ದಿತ್ತೋ ಏನೋ. ಅವನ ಮುಖದಲ್ಲಿ ಸಂಶಯವಿತ್ತೋ ಸಂಭ್ರಮವಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ, ಏಕೆಂದರೆ ನಾನು ಅವನ ಮುಖ ನೋಡಲಿಲ್ಲ. ಕಾಣದವನ ಮುಖವನ್ನು ನೋಡಲೂ ನನಗೆ ಧೈರ್ಯವಾಗಲಿಲ್ಲ.

“ನಡುವ ಬಂದಾವ” ಎಂದೆ.

“ಹಂಗಾದ್ರ ಚಲೋ ಆತು” ಎಂದು ಅಪ್ಪ ಗೋಡೆಗೆ ಒರಗಿದ.

ಒಂದು ಸುಳ್ಳು ಹೇಳಿದ ಮೇಲೆ ಅದನ್ನು ಸಾಕುವುದೇ ಕೆಲಸವಾಗುತ್ತದೆ. ನಮ್ಮೂರಿನ ಕುರಿಗಾರ ಹಿರಿಯನೊಬ್ಬ, ಆ ಹಳೇ ಬನ್ನಿಯಡಿ ಕುರಿ ತರುಬುತ್ತಿದ್ದವನು, ಒಂದು ದಿನ ದಾರಿಯಲ್ಲಿ ನಿಲ್ಲಿಸಿ ಮೆಲ್ಲಗೆ ಕೇಳಿದ: “ಅಕ್ಕೋರೆ, ತಪ್ಪು ತಿಳಕೋಬ್ಯಾಡ್ರಿ. ಅದು ಜಾಲಿ ಇದ್ದಂಗೈತಿ ಅಲ್ಲೇನ್ರಿ?” ನಾನು ಅವನ ಮೇಲೆ ಹರಿಹಾಯ್ದೆ. ಬನ್ನಿಯೂ ಜಾಲಿಯೂ ಒಂದೇ ಕುಲದವು, ಎಳೆಯದರಲ್ಲಿ ಹಾಗೆ ಕಾಣುತ್ತವೆ, ನೀನು ಓದಿದ್ದೀಯಾ ನಾನು ಓದಿದ್ದೀನಾ ಎಂದು ಲ್ಯಾಟಿನ್ ಹೆಸರುಗಳನ್ನೆಲ್ಲ ಅವನ ತಲೆಗೆ ಕಟ್ಟಿದೆ. ಅವನು, “ಹಂಗೇನ್ರಿ, ನಮಗೇನು ತಿಳಿತೈತಿ ಬಿಡ್ರಿ” ಎಂದು ಕುರಿ ಹೊಡಕೊಂಡು ಹೋದ. ಜೀವಮಾನವೆಲ್ಲ ಎರಡೂ ಗಿಡದ ಕಾಯಿ ಉದುರಿಸಿ ಕುರಿಗೆ ಹಾಕಿದವನು ಅವನು. ಹೋಗುವಾಗ ಒಮ್ಮೆಯೂ ತಿರುಗಿ ನೋಡಲಿಲ್ಲ.

ಸರಿ ಮಾಡಲು ನಾನು ಪ್ರಯತ್ನಿಸಲಿಲ್ಲವೇ? ಪ್ರಯತ್ನಿಸಿದೆ. ಹಡಗಲಿಯಿಂದ ಮೈಲಾರಕ್ಕೆ ಹೋಗುವ ದಾರಿಯಲ್ಲಿ, ಎರೆಹೊಲದ ಬದುವಿನ ಮೇಲೆ, ಒಂದು ಅಸಲಿ ಬನ್ನಿ ಇದೆ. ಬೂದಿ ಬಣ್ಣದ ಸೀಳುಬಿಟ್ಟ ತೊಗಟೆ, ಜೋತುಬಿದ್ದ ಸಪೂರ ಕಾಯಿ. ಅದರ ಬೀಜ ತಂದು, ಬಿಸಿನೀರಿನಲ್ಲಿ ನೆನೆಹಾಕಿ, ಹರಪನಹಳ್ಳಿಯ ಮನೆಯ ಮಾಳಿಗೆ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಸಿದೆ. ಎರಡು ವರ್ಷಕ್ಕೆ ಮೊಳದುದ್ದ ಬಂತು. ಒಂದು ಮಧ್ಯಾಹ್ನ ಜನ ಇಲ್ಲದ ಹೊತ್ತಿನಲ್ಲಿ ಕಟ್ಟೆಯ ಹಿಂದುಗಡೆ ನೆಟ್ಟು ಬಂದೆ. ಇದು ದೊಡ್ಡದಾದ ಮೇಲೆ ಅದನ್ನು ಹೇಗೋ ಕಡಿಸಬಹುದು ಎನ್ನುವುದು ನನ್ನ ಲೆಕ್ಕಾಚಾರ. ಆ ವರ್ಷ ದಸರೆಗೆ ಮುಂಚೆ ಯುವಕ ಸಂಘದವರು ಕಟ್ಟೆ ಸ್ವಚ್ಛ ಮಾಡಿ ಸುಣ್ಣ ಬಳಿದರು. ಅವರಲ್ಲೊಬ್ಬ ನನಗೆ ಫೋನ್ ಮಾಡಿ ಹೇಳಿದ: “ಅಕ್ಕೋರೆ, ನಿಮ್ಮ ಬನ್ನಿ ಹಿಂದ ಒಂದು ಬಳ್ಳಾರಿ ಜಾಲಿ ಹುಟ್ಟಿತ್ತು ನೋಡ್ರಿ. ಬನ್ನಿಗೆ ತ್ರಾಸ ಆಗಬಾರದು ಅಂತ ಬೇರುಸಮೇತ ಕಿತ್ತು ಒಗದ್ವಿ.”

ನಾನು ಏನು ಹೇಳಬೇಕಿತ್ತು? “ಚಲೋ ಮಾಡಿದ್ರಿ” ಎಂದೆ. ಫೋನಿಟ್ಟು ಅಡುಗೆಮನೆಗೆ ಹೋಗಿ ಅತ್ತೆ.

ಐದನೇ ವರ್ಷಕ್ಕೆ ಕಾಯಿ ಬಿಟ್ಟವು. ದಪ್ಪನೆಯ, ಹಳದಿ, ಸಿಹಿ ಕಾಯಿಗಳು. ಇನ್ನು ಮುಚ್ಚಿಡಲು ಏನೂ ಉಳಿಯಲಿಲ್ಲ. ಕುರುಡನೂ ಹೇಳುತ್ತಾನೆ ಎಂದು ಬರೆದೆ, ಹೊಡೆದು ಹಾಕಿದೆ. ಊರಿನವರಿಗೆಲ್ಲ ಗೊತ್ತಾಯಿತು. ಆದರೆ ಯಾರೂ ಮಾತೆತ್ತಲಿಲ್ಲ. ಒಮ್ಮೆ ಹಿರಿಯರೊಬ್ಬರು ಮಾತ್ರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಅತ್ತಿತ್ತ ನೋಡಿ, “ಪೂಜಿ ಮುಟ್ಟೈತಿ, ಕಾಯಿ ಒಡದೀವಿ. ಇನ್ನ ಅದ ಬನ್ನಿ ಅಕ್ಕೋರೆ. ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ” ಎಂದರು. ನನಗೆ ಒಂದು ಕಡೆ ಜೀವ ಬಂದ ಹಾಗಾಯಿತು, ಇನ್ನೊಂದು ಕಡೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆಮೇಲೆ ಅವರು ದನಿ ಇನ್ನೂ ತಗ್ಗಿಸಿ, “ನಿಮ್ಮ ಅಪ್ಪಾರಿಗೆ ಮಾತ್ರ ಯಾರೂ ಹೇಳಿಲ್ರಿ” ಎಂದರು.

ಇಡೀ ಊರು ನನಗಾಗಿ ಅಪ್ಪನ ಮುಂದೆ ಬಾಯಿ ಮುಚ್ಚಿಕೊಂಡಿತ್ತು. ಆದರೆ ದಸರೆಯ ದಿನ ಬಾಯಿ ಮುಚ್ಚಿದರೆ ಸಾಲದು. ಅಪ್ಪ ಊರಿನಲ್ಲಿ ಎಲ್ಲರಿಗಿಂತ ಹಿರಿಯ. ಬನ್ನಿ ಕೊಡಲು ಊರೇ ಅವನ ಜಗಲಿಗೆ ಬರುತ್ತದೆ, ಎಲೆಗಳು ಅವನ ಅಂಗೈಗೆ ಬೀಳುತ್ತವೆ. ಎಳೆ ಗಿಡದ ಎಲೆ ಕೀಳಬಾರದೆಂದು ಮೊದಲ ಮೂರು ವರ್ಷ ಪಕ್ಕದ ಊರಿನಿಂದ ತಂದಿದ್ದರು, ನಾನು ಬಚಾವಾಗಿದ್ದೆ. ಆಮೇಲೆ ಪ್ರತಿ ದಸರೆಗೆ ಅಪ್ಪನನ್ನು ಹರಪನಹಳ್ಳಿಗೆ ಕರೆದುಕೊಂಡು ಹೋಗತೊಡಗಿದೆ. ಮೊಮ್ಮಕ್ಕಳು ಕರೆಯುತ್ತಾರೆ ಎಂದೆ, ಕಾಲಿಗೆ ಎಣ್ಣೆ ತಿಕ್ಕುವವರು ಅಲ್ಲಿ ಚೆನ್ನಾಗಿದ್ದಾರೆ ಎಂದೆ, ಬಾಗಳಿಯ ಗುಡಿಗೆ ಹೋಗಿ ಬರೋಣ ಎಂದೆ. ಒಂದೊಂದು ವರ್ಷ ಒಂದೊಂದು ನೆಪ. ಹಬ್ಬದ ದಿನ ನಸುಕಿನಲ್ಲೇ ಹಡಗಲಿ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಹಿಡಿದು ಮೈಲಾರದ ದಾರಿಯ ಆ ಅಸಲಿ ಬನ್ನಿಯ ತನಕ ಹೋಗಿ ಎಲೆ ತರುತ್ತಿದ್ದೆ. ಗಂಡ ಮೊದಲ ವರ್ಷ ನಕ್ಕರು, ಆಮೇಲೆ ನಗುವುದನ್ನು ಬಿಟ್ಟರು. ಸಂಜೆ ಆ ಎಲೆಯನ್ನು ಅಪ್ಪನ ಕೈಗೆ ಹಾಕಿ, “ಊರಿಂದ ತಮ್ಮ ಕಳಿಸ್ಯಾನ ಅಪ್ಪಾ, ನಮ್ಮ ಗಿಡದ್ದು” ಎನ್ನುತ್ತಿದ್ದೆ. ಅವನು ಎಲೆಯ ಮೇಲೆ ಹೆಬ್ಬೆರಳು ಆಡಿಸಿ, ಕಣ್ಣಿಗೊತ್ತಿಕೊಂಡು, “ಚಲೋ ಬೆಳದೈತಿ” ಎನ್ನುತ್ತಿದ್ದ. ಊರಿನ ಹಬ್ಬವನ್ನೇ ಅವನಿಂದ ಕಸಿದುಕೊಂಡು ಕೈಗೆ ನಾಲ್ಕು ಎಲೆ ಕೊಡುತ್ತಿದ್ದೆ.

ಕಳೆದ ದಸರೆಗೆ ಅಪ್ಪ ಬರಲಿಲ್ಲ. “ಈ ಸಲ ಊರಾಗ ಇರ್ತೀನಿ. ಇನ್ನ ಎಷ್ಟು ದಸರಿ ಅದಾವ ನನಗ” ಎಂದ. ನಾನು ಬೇಡಿದೆ, ಸಿಟ್ಟು ಮಾಡಿದೆ, ತಮ್ಮನಿಗೂ ಬೈದೆ. ಅಪ್ಪ ಜಪ್ಪಯ್ಯ ಎಂದರೂ ಕದಲಲಿಲ್ಲ. ಕೊನೆಗೆ ನಾನೇ ಊರಿಗೆ ಹೋದೆ. ಹೋಗುವ ಮುಂಚೆ ಅಭ್ಯಾಸದಂತೆ ಅಸಲಿ ಬನ್ನಿಯ ಎಲೆ ತಂದು ಕರವಸ್ತ್ರದಲ್ಲಿ ಕಟ್ಟಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಅದರಿಂದ ಏನು ಆಗುತ್ತದೆ ಎಂದು ಕೇಳಿದರೆ ನನಗೆ ಗೊತ್ತಿರಲಿಲ್ಲ.

ಸಂಜೆ ಜನ ಬಂದರು. ಅಪ್ಪ ಬಿಳಿ ಅಂಗಿ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದ. ಮೊದಲು ಬಂದವರು ಕಾಲು ಮುಟ್ಟಿ ಎಲೆ ಕೊಟ್ಟರು. ಅಪ್ಪ, “ಬಂಗಾರದಂಗ ಇರ್ರಿ” ಎಂದು ಹರಸಿದ. ಎರಡನೆಯವರು ಕೊಟ್ಟರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತು ಅವನ ಬೆರಳನ್ನೇ ನೋಡುತ್ತಿದ್ದೆ. ಮೂರನೆಯವರ ಎಲೆ ಬಿದ್ದಾಗ ಹೆಬ್ಬೆರಳು ಎಲೆಯ ಉದ್ದಕ್ಕೂ ಹೋಗಿ, ದಂಟಿಗೆ ಬಂದು, ಅದರ ಬುಡದಲ್ಲಿ ನಿಂತಿತು. ಮತ್ತೆ ತುದಿಗೆ ಹೋಯಿತು, ಮತ್ತೆ ಬುಡಕ್ಕೆ ಬಂತು. ನನಗೆ ಕಲಿಸಿದ ಹಾಗೆಯೇ, ಅವಸರವಿಲ್ಲದೆ. ಅಷ್ಟರಲ್ಲಿ ಆ ಕುರಿಗಾರ ಹಿರಿಯ ಬಂದು ಬಗ್ಗಿದ. ಅಪ್ಪ ಅವನ ಕೈ ಹಿಡಿದುಕೊಂಡ.

“ಇದು ಯಾವ ಗಿಡದ್ದಪ?”

“ನಮ್ಮ ಕಟ್ಟಿ ಗಿಡದ್ದ ಯಜ್ಜ.”

ಜಗಲಿಯ ಮುಂದೆ ಮೂವತ್ತು ನಲವತ್ತು ಜನ ಇದ್ದರು. ಎಲ್ಲರೂ ನನ್ನ ಕಡೆ ನೋಡಿದರು. ಈಗ ಹೇಳಬೇಕು ಎಂದು ಬಾಯಿ ತೆರೆದೆ. ನಿಜವಾಗಿಯೂ ತೆರೆದೆ. ಅಷ್ಟರಲ್ಲಿ ಅಪ್ಪ ಮಾತಾಡಿದ.

“ಇದು ಬನ್ನಿ ಅಲ್ಲ. ಜಾಲಿ. ತಪ್ಪು ನಂದು” ಎಂದ. ದನಿ ದೊಡ್ಡದಾಗಿತ್ತು, ಎಲ್ಲರಿಗೂ ಕೇಳಲೆಂದೇ ಹೇಳಿದ. “ಅವತ್ತು ನನ್ನ ಮಗಳು ಎರಡು ಸಸಿ ತಂದಿದ್ಲು. ಒಂದು ಬಡಕಲು ಇತ್ತು, ಅದ ಖರೇ ಬನ್ನಿ, ಅದನ್ನ ಹಚ್ಚೋಣು ಅಂದ್ಲು. ನಾನ ಕೇಳಲಿಲ್ಲ. ಮುಟ್ಟಿ ನೋಡಿ, ಇದ ಆಗಲಿ ಅಂದೆ. ಕಣ್ಣಿಲ್ಲದಾವನ ಕೈ ತಪ್ಪಿತು. ಊರಾಗ ದೊಡ್ಡ ತಪ್ಪು ಮಾಡೀನಿ, ಹೊಟ್ಟ್ಯಾಗ ಹಾಕ್ಕೊಳ್ರಿ.”

ಬಡಕಲು ಸಸಿಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ. ಜಾಲಿಯ ನಡುವೆ ಹುಟ್ಟಿದ ಬನ್ನಿ ಬಡಕಲೇ ಇರುತ್ತದೆ ಎಂದು ಅಪ್ಪನಿಗೆ ಗೊತ್ತು, ಅಷ್ಟೇ. ಅವತ್ತು ಅವನು ಸಸಿಯನ್ನು ಮುಟ್ಟಲೇ ಇಲ್ಲ ಎನ್ನುವುದು ಅಲ್ಲಿದ್ದ ಹಿರಿಯರಲ್ಲಿ ಇಬ್ಬರಿಗಾದರೂ ನೆನಪಿರಬೇಕು. ಆದರೆ ಒಂಬತ್ತು ವರ್ಷದ ಹಿಂದಿನ ಮಾತು. ಜನ ತಲೆದೂಗಿದರು. “ಹೋಗಲಿ ಬಿಡ್ರಿ ಯಜ್ಜ, ವಯಸ್ಸಾಗೈತಿ, ಕಣ್ಣಿಲ್ಲ, ಯಾರಿಗಾದ್ರೂ ಆಗತೈತಿ” ಎಂದರು. ನನ್ನ ಕಡೆ ನೋಡಿದ ಕಣ್ಣುಗಳಲ್ಲಿ ಈಗ ಮರುಕವಿತ್ತು, ಪಾಪ, ಅಪ್ಪನ ಮಾತು ಮೀರಲಾರದೆ ಇಷ್ಟು ವರ್ಷ ಸುಮ್ಮನಿದ್ದಾಳೆ ಎಂಬಂತೆ. ನಾನು ಬಾಯಿ ಮುಚ್ಚಿದೆ. ಅವನು ಹೇಳಿದ್ದು ಸುಳ್ಳು ಎಂದು ಅಷ್ಟು ಜನರ ಮುಂದೆ ಹೇಗೆ ಹೇಳಲಿ? ಹೇಳದೆ ಹೇಗಿರಲಿ? ಹೇಳದೆಯೂ ಇರಬಹುದು, ಇದ್ದೇನೆ.

ಜನ ಕರಗಿದ ಮೇಲೆ ಅವನ ಪಕ್ಕ ಕೂತು ಕರವಸ್ತ್ರ ಬಿಚ್ಚಿ ಎಲೆ ಕೊಟ್ಟೆ. ಮುಟ್ಟಿದ ಕೂಡಲೇ, “ಇದು ಖರೇ. ಎಲ್ಲೀದು?” ಎಂದ.

“ಮೈಲಾರದ ದಾರೀದು.”

“ಪ್ರತಿ ವರ್ಷ ಅಲ್ಲೀತನಕ ಹೋಗ್ತಿದ್ದೇನು?”

ನಾನು ಕರವಸ್ತ್ರ ಮಡಚಿದೆ. “ಅಪ್ಪಾ, ಯಾಕ ಹಂಗ ಹೇಳಿದಿ?” ಎಂದು ಕೇಳಿದೆ.

“ಇನ್ನ ನನಗೇನು ಆಗಬೇಕಾಗೈತಿ? ನಿನ್ನ ಹತ್ರ ಮಂದಿ ಕೇಳಾಕ ಬರ್ತಾರ. ಬರಬೇಕು” ಎಂದು ನನ್ನ ಕೈಗೆ ತನ್ನ ಮಡಿಲಿನ ಎಲೆಗಳಲ್ಲಿ ಒಂದು ಹಿಡಿ ಹಾಕಿದ. ಅವು ಜಾಲಿಯ ಎಲೆಗಳು. “ತಗೋ, ಬಂಗಾರದಂಗ ಇರು.”

ದೀಪಾವಳಿಗೆ ಮತ್ತೆ ಹೋಗಿದ್ದೆ. ಬೆಳಿಗ್ಗೆ ನಾನೂ ಅಪ್ಪನೂ ಜಗಲಿಯ ಮೇಲಿದ್ದಾಗ, ಹೊಸ ಮನೆ ಕಟ್ಟಿಸುತ್ತಿರುವ ನಮ್ಮ ಓಣಿಯವನೊಬ್ಬ ಬಾಗಿಲ ಚೌಕಟ್ಟಿಗೆಂದು ಕೊಂಡ ಕಟ್ಟಿಗೆಯ ತುಂಡು ಹಿಡಿದು ಬಂದ. ಹೆಜ್ಜೆಯ ಸಪ್ಪಳಕ್ಕೆ, ಹಸಿ ಕಟ್ಟಿಗೆಯ ವಾಸನೆಗೆ ಅಪ್ಪನ ಮುಖ ಎದ್ದಿತು. ಎಂದಿನಂತೆ ಕೈ ಚಾಚಿದ. ಬಂದವನು ಆ ಕೈಯನ್ನು ನೋಡಿದ, ನನ್ನನ್ನು ನೋಡಿದ, ಸಂಕೋಚದಿಂದ ಒಂದು ಹೆಜ್ಜೆ ಸರಿದು ತುಂಡನ್ನು ನನ್ನ ಕೈಗೆ ಕೊಟ್ಟ.

“ನೀವ ನೋಡ್ರಿ ಅಕ್ಕೋರೆ” ಎಂದ.

ಅದನ್ನು ಅಪ್ಪನ ಅಂಗೈಯಲ್ಲಿ ಇಡಲು ಹೋದೆ. ಅವನು ಆಗಲೇ ಕೈ ಹಿಂದಕ್ಕೆ ತೆಗೆದುಕೊಂಡು ಧೋತರದೊಳಗೆ ಇಟ್ಟುಕೊಂಡಿದ್ದ. “ಹೇಳವ್ವ, ಕಾಯಾಕ ಹತ್ಯಾನ” ಎಂದ.

ನಾನು ಸವರಿದೆ, ಮೂಸಿದೆ, ನಾಲಿಗೆಯ ತುದಿಗೆ ತಾಗಿಸಿದೆ. ಕಹಿಯಾಗಿತ್ತು. ಬೇವು ಎಂದು ಹೇಳಿದೆ. ಸರಿಯಾಗಿಯೇ ಹೇಳಿದೆ.